ಬೋರ್‌ವೆಲ್ಲಿಗೊಂದು ಪಾಸ್‌ಬುಕ್

ಕಳೆದ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ರೈಲು ಇಳಿದವನೇ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ತೋರಿಸಿದ. "ಅಜ್ಜಾ, ನಾನು ಇದನ್ನೇ ಕುಡೀತೀನಿ. ನಿಮ್ಮ ಬೋರ್‌ವೆಲ್ ನೀರಲ್ಲಿ ಯುರೇನಿಯಂ ಇರುತ್ತಂತೆ. ಕುಡಿದರೆ ರಾತ್ರಿ ಮೈಯೆಲ್ಲಾ ಹೊಳೆಯುತ್ತಂತೆ!"

ಏಳನೇ ಕ್ಲಾಸಿನ ಹುಡುಗನ ಮಾತಿಗೆ ನಾನು ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ಅವನ ಅಜ್ಜಿ ಮಾತ್ರ ನಗಲಿಲ್ಲ. "ಇಷ್ಟು ವರ್ಷದಿಂದ ಇದೇ ನೀರಲ್ಲಿ ಅನ್ನ ಬೇಯಿಸಿದ್ದೀನಿ. ತೋಟಕ್ಕೆ ಬರೋ ಆಳುಗಳೆಲ್ಲಾ ಪೈಪಿಗೆ ಬೊಗಸೆ ಒಡ್ಡಿ ಕುಡೀತಾರೆ. ಅದರಲ್ಲಿ ಏನಿದೆ, ಏನಿಲ್ಲ ಅಂತ ಹೇಳೋರು ಯಾರು?" ಎಂದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ನಾನು ವಿಜ್ಞಾನಿಯಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಈಗ ಎಪ್ಪತ್ತು ದಾಟಿದೆ. ನನಗೆ ಗೊತ್ತಿರುವುದು ಲೆಕ್ಕವೊಂದೇ. ಆದರೆ ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ತಿಳಿದದ್ದು ಇಷ್ಟು: ಮಣ್ಣು, ನೀರು, ಹಾಲಿನಲ್ಲಿ ವಿಕಿರಣ ಅಳೆಯುವವರ ಕೆಲಸವೂ ಒಂದು ಥರದಲ್ಲಿ ಬ್ಯಾಂಕಿನ ಲೆಕ್ಕವೇ. ಆ ಕತೆಯನ್ನು ನಿಮಗೆ ಹೇಳುತ್ತೇನೆ.

ಹೆಸರಿಲ್ಲದ ಬಾಟಲಿ

ಮೊದಲು ಒಂದು ಮಾತು. ಮೊಮ್ಮಗ ಕೇಳಿಸಿಕೊಂಡು ಬಂದದ್ದು ಪೂರ್ತಿ ಗಾಳಿಮಾತಲ್ಲ. ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಪರೀಕ್ಷೆ ಮಾಡಿದ್ದರು. ಯುರೇನಿಯಂ 57 ಹಳ್ಳಿಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ದಾಟಿತ್ತು. ಅದನ್ನು ಯಾರೂ ತಂದು ಸುರಿದದ್ದಲ್ಲ. ನಮ್ಮ ಕಾಲ ಕೆಳಗಿನ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿ ಅವು ಹುಟ್ಟಿದಾಗಿನಿಂದಲೂ ಅಲ್ಪಸ್ವಲ್ಪ ಯುರೇನಿಯಂ ಇದೆ. ಬಾವಿಯ ಕಾಲ ಹೋಗಿ ನೂರಾರು ಅಡಿ ಆಳದ ಬೋರ್‌ವೆಲ್ ಕಾಲ ಬಂತು. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರನ್ನು ಮೇಲೆತ್ತಿ ಕುಡಿಯುತ್ತಿದ್ದೇವೆ. ಆ ನೀರಿನಲ್ಲಿ ಕರಗಿದ್ದೂ ಜೊತೆಗೆ ಬರುತ್ತದೆ. ಚಿತ್ರದುರ್ಗ ಜಿಲ್ಲೆಯವರಿಗೆ ಫ್ಲೋರೈಡ್ ಪರಿಚಯ ಆದದ್ದು ಹೀಗೆಯೇ ಅಲ್ಲವೇ?

ನನ್ನ ಮಗಳ ಮಗಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳಿಗೆ ಫೋನ್ ಮಾಡಿದೆ. "ಸ್ಯಾಂಪಲ್ ಕೊಟ್ಟರೆ ನಮ್ಮ ಲ್ಯಾಬಿನಲ್ಲಿ ನೋಡಬಹುದು ಅಜ್ಜ" ಎಂದಳು. ನಾನು ತಡಮಾಡದೆ ಮನೆಯಲ್ಲಿ ಬಿದ್ದಿದ್ದ ಜ್ಯೂಸ್ ಬಾಟಲಿಗೆ ನಲ್ಲಿಯ ನೀರು ತುಂಬಿ, ಆ ಕಡೆ ಹೊರಟಿದ್ದ ನೆಂಟರ ಕೈಯಲ್ಲಿ ಕಳಿಸಿಬಿಟ್ಟೆ. ಎರಡೇ ದಿನಕ್ಕೆ ಫೋನು ಬಂತು. "ಅಜ್ಜ, ಇದನ್ನು ಲ್ಯಾಬಿನಲ್ಲಿ ತಗೊಳ್ಳಲ್ಲ. ಯಾವ ಬೋರ್‌ವೆಲ್ಲು, ಎಷ್ಟು ಆಳ, ಯಾವ ದಿನ ಹಿಡಿದದ್ದು, ಯಾರು ಹಿಡಿದದ್ದು, ಒಂದೂ ಬರೆದಿಲ್ಲ. ಬಾಟಲಿಯಲ್ಲಿ ಇನ್ನೂ ಮಾವಿನಹಣ್ಣಿನ ವಾಸನೆ ಇದೆ!"

ನಾನು ಬೆಪ್ಪಾದೆ. ತಾರೀಖಿಲ್ಲದ ಚೆಕ್ಕು, ಸಹಿಯಿಲ್ಲದ ಚಲನ್ನು ತಂದವರನ್ನು ನಾನು ಕೌಂಟರಿನಿಂದ ಎಷ್ಟು ಸಲ ವಾಪಸ್ಸು ಕಳಿಸಿರಬಹುದು! ಬೈಸಿಕೊಂಡದ್ದೂ ಉಂಟು. ಈಗ ನನ್ನದೇ ವೋಚರು ತಿರಸ್ಕಾರವಾಗಿ ವಾಪಸ್ಸು ಬಂದಿತ್ತು.

ಎರಡನೇ ಸಲ ಅವಳು ಹೇಳಿದ ಹಾಗೇ ಮಾಡಿದೆವು. ಹೊಸ ಪ್ಲಾಸ್ಟಿಕ್ ಬಾಟಲಿಗಳನ್ನು ಅವಳೇ ಕಳಿಸಿದ್ದಳು. ಮೊಮ್ಮಗ ಗಡಿಯಾರ ಹಿಡಿದು ನಿಂತ. ಪಂಪ್ ಹಾಕಿ ಹತ್ತು ನಿಮಿಷ ನೀರನ್ನು ಸುಮ್ಮನೆ ಹರಿಯಲು ಬಿಟ್ಟೆವು. ಪೈಪಿನಲ್ಲಿ ನಿಂತ ಹಳೆಯ ನೀರು ಹೋಗಿ ನೆಲದೊಳಗಿನ ನೀರು ಬರಬೇಕು. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ಆಮೇಲೆ ತುಂಬಿದೆವು. ಮನೆಯ ಬೋರ್‌ವೆಲ್ಲಿನದು ಎರಡು, ಅಡಿಕೆ ತೋಟದ್ದು ಎರಡು. ಜೊತೆಗೆ ತೋಟದ ಮಣ್ಣು ಒಂದು ಚೀಲ. ಎಲ್ಲಕ್ಕೂ ಚೀಟಿ ಅಂಟಿಸಿ ಜಾಗ, ಆಳ, ತಾರೀಖು, ಗಂಟೆ, ಹೆಸರು ಬರೆದದ್ದು ಮೊಮ್ಮಗ. ಅಡಿಯಲ್ಲಿ ಸಹಿ ನನ್ನದು.

ನೂರು ಕೋಟಿಯಲ್ಲಿ ಮೂವತ್ತು ರೂಪಾಯಿ

ಈ ಸಲ ಬಾಟಲಿಗಳ ಜೊತೆ ನಾವಿಬ್ಬರೂ ಹೋದೆವು. ಲ್ಯಾಬಿಗೆ ತಲುಪಿದ ಕೂಡಲೇ ನೀರನ್ನು ಸೋಸಿ, ಒಂದೆರಡು ಹನಿ ಆಸಿಡ್ ಹಾಕಿದರು. ಹಾಕದಿದ್ದರೆ ಯುರೇನಿಯಂ ಬಾಟಲಿಯ ಗೋಡೆಗೇ ಅಂಟಿಕೊಂಡು ಲೆಕ್ಕ ಕಡಿಮೆ ಬರುತ್ತದಂತೆ. ನೋಟಿನ ಕಟ್ಟು ಎಣಿಸುವಾಗ ಹೊಸ ನೋಟು ಒಂದಕ್ಕೊಂದು ಅಂಟಿಕೊಂಡ ಹಾಗೆ ಎಂದುಕೊಂಡೆ.

ಯುರೇನಿಯಂ ಅಳೆಯುವ ಯಂತ್ರ ಒಂದು ಟಿಫನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಸಣ್ಣ ಗಾಜಿನ ಪಾತ್ರೆಯಲ್ಲಿ ನೀರು ಹಾಕಿ, ಅದಕ್ಕೆ ಫಾಸ್ಫೇಟ್ ಇರುವ ಒಂದು ದ್ರವ ಬೆರೆಸುತ್ತಾರೆ. ಅದರ ಮೇಲೆ ನೇರಳೆ ಬೆಳಕು ಬಿಟ್ಟರೆ ಯುರೇನಿಯಂ ಇರುವ ನೀರು ಮಂಕಾದ ಹಸಿರು ಬೆಳಕನ್ನು ಹೊರಸೂಸುತ್ತದೆ. ನಮ್ಮ ಕಣ್ಣಿಗೆ ಕಾಣದಷ್ಟು ಕಡಿಮೆಯಿದ್ದರೂ ಯಂತ್ರದ ಕಣ್ಣಿಗೆ ಕಾಣುತ್ತದೆ. ಹಸಿರು ಹೆಚ್ಚಾದಷ್ಟೂ ಯುರೇನಿಯಂ ಹೆಚ್ಚು.

"ನೋಡಿದೆಯಾ ಅಜ್ಜಾ, ಹೊಳೆಯುತ್ತೆ ಅಂತ ನಾನು ಹೇಳಲಿಲ್ವಾ!" ಎಂದ ಮೊಮ್ಮಗ. ಅವನ ಅಕ್ಕ ನಕ್ಕು, "ಹೊಳೆಯೋದು ಈ ಡಬ್ಬಿಯೊಳಗಿನ ನೀರು ಕಣೋ, ನಿನ್ನ ಮೈಯಲ್ಲ" ಎಂದಳು.

ಅಳತೆ ಎಷ್ಟು ಸೂಕ್ಷ್ಮ ಎಂದರೆ, ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿದ ಮಿತಿ ಒಂದು ಲೀಟರಿಗೆ 30 ಮೈಕ್ರೋಗ್ರಾಂ. ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಗ್ರಾಂ. ನಾನು ಇದನ್ನು ನನ್ನ ಭಾಷೆಗೆ ಇಳಿಸಿಕೊಂಡೆ. ನೂರು ಕೋಟಿ ರೂಪಾಯಿಯ ಖಜಾನೆಯಲ್ಲಿ ಮೂವತ್ತು ರೂಪಾಯಿ! ಆ ಮೂವತ್ತು ರೂಪಾಯಿಯನ್ನು ಹುಡುಕಿ ಎಣಿಸುತ್ತಾರೆ ಇವರು.

ಎಣಿಸುವ ಯಂತ್ರವೇ ಸುಳ್ಳು ಹೇಳಿದರೆ? ಅದಕ್ಕೂ ಉಪಾಯವಿದೆ. ಮೊದಲು ಶುದ್ಧೀಕರಿಸಿದ ನೀರನ್ನು ಇಟ್ಟು ನೋಡುತ್ತಾರೆ. ಸೊನ್ನೆಯ ಹತ್ತಿರ ಬರಬೇಕು. ಆಮೇಲೆ ನಮ್ಮ ನೀರಿಗೆ ತೂಕ ಗೊತ್ತಿರುವಷ್ಟು ಯುರೇನಿಯಂ ದ್ರಾವಣವನ್ನು ಬೇಕೆಂದೇ ಸೇರಿಸಿ, ಅಂಕಿ ಅಷ್ಟೇ ಏರಿತೇ ಎಂದು ನೋಡುತ್ತಾರೆ. ನಾವು ಎರಡೆರಡು ಬಾಟಲಿ ಕೊಟ್ಟದ್ದೂ ಇದಕ್ಕೇ. ಒಂದೇ ಬೋರ್‌ವೆಲ್ಲಿನ ಎರಡು ಬಾಟಲಿಗೆ ಬೇರೆ ಬೇರೆ ಉತ್ತರ ಬಂದರೆ ಎಲ್ಲೋ ತಪ್ಪಾಗಿದೆ ಎಂದರ್ಥ. ಇನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯವರು ಒಳಗೆ ಎಷ್ಟಿದೆ ಎಂದು ಹೇಳದೆಯೇ ಪ್ರಪಂಚದ ಲ್ಯಾಬುಗಳಿಗೆ ಸ್ಯಾಂಪಲ್ ಕಳಿಸಿ ಪರೀಕ್ಷೆ ಮಾಡುವುದುಂಟು. ನಮ್ಮ ಇನ್‌ಸ್ಪೆಕ್ಷನ್ನಿನವರು ಬೆಳಗ್ಗೆ ಹೇಳದೆ ಕೇಳದೆ ಬಂದು ಕ್ಯಾಷ್ ಎಣಿಸುತ್ತಿದ್ದರಲ್ಲ, ಹಾಗೆ.

ಆರಂಭದ ಶಿಲ್ಕು

ಪಕ್ಕದ ಕೋಣೆಯಲ್ಲಿ ಇನ್ನೊಂದು ಯಂತ್ರವಿತ್ತು. ಅದು ತೂಕ ನೋಡುವುದಲ್ಲ, ವಿಕಿರಣವನ್ನೇ ಎಣಿಸುವಂಥದು. ನಾಲ್ಕು ಇಂಚು ದಪ್ಪದ ಸೀಸದ ಪೆಟ್ಟಿಗೆ. ಒಳಗೆ ಜರ್ಮೇನಿಯಂ ಹರಳು. ಅದನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಿಂದ ತಣ್ಣಗಿಟ್ಟಿರುತ್ತಾರೆ. ದ್ರವ ತುಂಬುವಾಗ ಹೊಗೆಯಂಥ ಬಿಳಿ ಆವಿ ಎದ್ದದ್ದು ನೋಡಿ ಮೊಮ್ಮಗನಿಗೆ ಜಾತ್ರೆ ನೋಡಿದಷ್ಟು ಸಂತೋಷ.

ನನಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿತು. ಪೆಟ್ಟಿಗೆ ಖಾಲಿ ಇತ್ತು. ಆದರೂ ಯಂತ್ರ ಎಣಿಸುತ್ತಲೇ ಇತ್ತು. "ಒಳಗೆ ಏನೂ ಇಲ್ಲದಿದ್ದರೆ ಏನನ್ನು ಎಣಿಸುತ್ತೆ?" ಎಂದೆ.

"ಅದೇ ಮುಖ್ಯ ಅಜ್ಜ. ಗೋಡೆಯಲ್ಲಿ ವಿಕಿರಣ ಇದೆ, ಗಾಳಿಯಲ್ಲಿದೆ, ಆಕಾಶದಿಂದ ಬರುತ್ತೆ. ನಿಮ್ಮ ಮೈಯಲ್ಲೂ ಇದೆ. ಬಾಳೆಹಣ್ಣು ತಿಂತೀರಲ್ಲ, ಅದರ ಪೊಟ್ಯಾಸಿಯಂನಲ್ಲಿ ಒಂದು ಸಣ್ಣ ಪಾಲು ವಿಕಿರಣಶೀಲ. ದೊಡ್ಡವರ ಮೈಯಲ್ಲಿ ಬರೀ ಅದರಿಂದಲೇ ಸೆಕೆಂಡಿಗೆ ಸುಮಾರು 4,000 ಪರಮಾಣು ಒಡೀತಾ ಇರುತ್ತವೆ. ಖಾಲಿ ಪೆಟ್ಟಿಗೆಯ ಎಣಿಕೆಯನ್ನು ಮೊದಲು ಬರೆದುಕೊಂಡು, ಸ್ಯಾಂಪಲ್ ಇಟ್ಟಾಗ ಬಂದ ಎಣಿಕೆಯಿಂದ ಅದನ್ನು ಕಳೀಬೇಕು."

ನನ್ನ ತಲೆಯಲ್ಲಿ ದೀಪ ಹತ್ತಿತು. ಇದು ಆರಂಭದ ಶಿಲ್ಕು! ಪ್ರತಿ ಬೆಳಗ್ಗೆ ಡೇ ಬುಕ್ಕಿನ ಮೊದಲ ಸಾಲು ಅದೇ. ನಿನ್ನೆಯ ಶಿಲ್ಕು ಎಷ್ಟು ಎಂದು ಗೊತ್ತಿಲ್ಲದೆ ಸಂಜೆಯ ಶಿಲ್ಕು ಹೇಳಿದರೆ ಅದು ಲೆಕ್ಕವಲ್ಲ, ಬರೀ ಒಂದು ಅಂಕಿ.

ಎಣಿಸುವುದರ ಜೊತೆಗೆ ಯಾರದು ಎಂದು ಗುರುತಿಸುವ ಕೆಲಸವೂ ಈ ಯಂತ್ರದ್ದೇ. ಪ್ರತಿ ವಿಕಿರಣಶೀಲ ವಸ್ತು ಬಿಡುವ ಗಾಮಾ ಕಿರಣಕ್ಕೆ ಅದರದೇ ಶಕ್ತಿಯ ಗುರುತಿದೆ. ಸೀಸಿಯಂ 137 ಆದರೆ 662, ಪೊಟ್ಯಾಸಿಯಂ 40 ಆದರೆ 1460. ಬ್ಯಾಂಕಿನಲ್ಲಿ ಸಹಿ ಕಾರ್ಡು ತೆಗೆದು ಚೆಕ್ಕಿನ ಸಹಿಗೆ ಹೋಲಿಸುತ್ತಿದ್ದೆವಲ್ಲ, ಥೇಟ್ ಅದೇ ಕೆಲಸ.

ನಮ್ಮ ತೋಟದ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಡಬ್ಬಿಗೆ ತುಂಬಿ ಗಾಳಿಯಾಡದಂತೆ ಮುಚ್ಚಿದರು. "ಒಂದು ತಿಂಗಳು ಬಿಟ್ಟು ಎಣಿಸ್ತೀವಿ" ಎಂದರು. ಮಣ್ಣಿನೊಳಗಿನ ರೇಡಿಯಂನಿಂದ ರೇಡಾನ್ ಎಂಬ ಅನಿಲ ಹುಟ್ಟುತ್ತಿರುತ್ತದೆ. ಅದು ತಪ್ಪಿಸಿಕೊಳ್ಳದೆ ಒಳಗೇ ಕೂಡಿಕೊಂಡು ಸಮತೋಲಕ್ಕೆ ಬಂದರೆ ಮಾತ್ರ ರೇಡಿಯಂ ಎಷ್ಟಿದೆ ಎಂಬ ಲೆಕ್ಕ ಸರಿಯಾಗುತ್ತದೆ. ಅವಧಿಗೆ ಮುಂಚೆ ಎಫ್‌ಡಿ ಒಡೆದರೆ ನಷ್ಟ ಯಾರಿಗೆ?

ಕೈಗಾದ ಖಾತೆ

ಆರಂಭದ ಶಿಲ್ಕಿನ ಮಾತು ಬಂದಾಗ ನನಗೆ ಕೈಗಾ ನೆನಪಾಯಿತು. ಮಕ್ಕಳೇ, ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಳಿ ನದಿಯ ದಡದ ಕಾಡಿನ ನಡುವೆ ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಅದನ್ನು ಕಟ್ಟುವ ಕಾಲಕ್ಕೆ ನಾಡಿನಲ್ಲಿ ದೊಡ್ಡ ವಾದವೇ ನಡೆಯಿತು. ಕೋಟ ಶಿವರಾಮ ಕಾರಂತರು ಅದನ್ನು ವಿರೋಧಿಸಿ 1989ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಲೋಕಸಭೆ ಚುನಾವಣೆಗೇ ನಿಂತರು. ಗೆಲ್ಲಲಿಲ್ಲ. ನಮ್ಮ ಬ್ಯಾಂಕಿನಲ್ಲೂ ಊಟದ ಹೊತ್ತಿಗೆ ಇದೇ ಚರ್ಚೆ. ಬೇಕು ಎನ್ನುವವರು ಒಂದು ಬೆಂಚು, ಬೇಡ ಎನ್ನುವವರು ಇನ್ನೊಂದು ಬೆಂಚು. ಎರಡೂ ಬೆಂಚಿನವರ ಕೈಯಲ್ಲಿ ಅಂಕಿಗಳಿರಲಿಲ್ಲ, ಬಾಯಿಗಳಿದ್ದವು.

ಅಂಕಿ ಕೂಡಿಸುತ್ತಿದ್ದವರು ಬೇರೆ ಇದ್ದರು. ಕೈಗಾದಲ್ಲಿ ಮೊದಲ ವಿದ್ಯುತ್ ಘಟಕ 2000ದ ಮಾರ್ಚಿನಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿತು. ಅದಕ್ಕೆ ಎಷ್ಟೋ ವರ್ಷ ಮುಂಚೆಯೇ ಅಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯ ತೆರೆದಿತ್ತು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಭೌತಶಾಸ್ತ್ರದವರೂ ಆ ಕಾಡಿನ ಮಣ್ಣು, ಎಲೆಗಳನ್ನು ಹೊತ್ತು ತಂದು ಎಣಿಸಿದರು. ನದಿಯ ನೀರು, ಮೀನು, ಹುಲ್ಲು, ಹಸುವಿನ ಹಾಲು, ಗಾಳಿಯ ಧೂಳು, ಇವೆಲ್ಲವೂ ಇಂಥ ಲ್ಯಾಬಿನ ಸ್ಯಾಂಪಲ್ಲುಗಳೇ. ಹಾಲು ಯಾಕೆಂದರೆ, ಗಾಳಿಗೆ ಅಯೋಡಿನ್ 131 ಸೇರಿದರೆ ಅದು ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಮಗುವಿನ ಗಂಟಲಿನ ಥೈರಾಯಿಡ್ ಗ್ರಂಥಿಗೆ ಬರುತ್ತದೆ.

ಸ್ಥಾವರವೇ ಇಲ್ಲದಾಗ ಅಳೆಯುವುದು ಏನನ್ನು? ಅಲ್ಲಿದೆ ಸ್ವಾರಸ್ಯ. ಸ್ಥಾವರ ಶುರುವಾಗುವ ಮುಂಚೆಯೇ ಕೈಗಾದ ಮಣ್ಣಿನಲ್ಲಿ ಸೀಸಿಯಂ 137 ಇತ್ತು! ಅದು ಬಂಡೆಯಲ್ಲಿ ಹುಟ್ಟುವ ವಸ್ತುವಲ್ಲ, ಮನುಷ್ಯ ಮಾಡಿದ್ದು. 1950 ಮತ್ತು 60ರ ದಶಕದಲ್ಲಿ ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದವು. ಆ ಧೂಳು ಪ್ರಪಂಚವನ್ನೆಲ್ಲ ಸುತ್ತಿ ಮಳೆಯ ಜೊತೆ ಎಲ್ಲರ ನೆಲದ ಮೇಲೂ ಇಳಿಯಿತು. ಪಶ್ಚಿಮ ಘಟ್ಟದ ಮಳೆ ನಿಮಗೆ ಗೊತ್ತಲ್ಲ. ಸೀಸಿಯಂ ಅರ್ಧ ಕರಗಲು 30 ವರ್ಷ ಬೇಕು, ಉಳಿದರ್ಧದ ಅರ್ಧಕ್ಕೆ ಮತ್ತೆ 30 ವರ್ಷ.

ಮೊದಲೇ ಅಳೆಯದಿದ್ದರೆ ಏನಾಗುತ್ತಿತ್ತು ಯೋಚಿಸಿ. ಆ ಸೀಸಿಯಂ ಎಲ್ಲಾ ಕೈಗಾದ್ದೇ ಎಂದು ವಿರೋಧಿಸುವವರು ಹೇಳಬಹುದಿತ್ತು. ನಾಳೆ ನಿಜವಾಗಿಯೂ ಸೋರಿದರೆ, ಇದೆಲ್ಲಾ ಹಳೆಯ ಬಾಂಬಿನದು ಎಂದು ಸ್ಥಾವರದವರು ಹೇಳಬಹುದಿತ್ತು. ಆರಂಭದ ಶಿಲ್ಕು ಬರೆದಿಟ್ಟರೆ ಇಬ್ಬರ ಬಾಯಿಗೂ ಲಗಾಮು.

ನಿತ್ಯದ ಎಣಿಕೆ ಒಂದು ದಿನ ಕೈ ಹಿಡಿಯುತ್ತದೆ ಎಂಬುದಕ್ಕೆ ಎರಡು ಉದಾಹರಣೆ. 1986ರ ಏಪ್ರಿಲ್ 26ರಂದು ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ಸ್ಥಾವರ ಸಿಡಿಯಿತು. ಅವರು ಹೊರಗೆ ಹೇಳಲಿಲ್ಲ. ಎರಡು ದಿನ ಬಿಟ್ಟು, ಸಾವಿರ ಕಿಲೋಮೀಟರಿಗೂ ಆಚೆ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ಕೆಲಸಗಾರರೊಬ್ಬರ ಬೂಟಿನಿಂದ ತಪಾಸಣೆ ಯಂತ್ರ ಕೂಗಿಕೊಂಡಿತು. ತಮ್ಮಲ್ಲೇ ಸೋರಿದೆ ಎಂದು ಅವರು ಗಾಬರಿಯಾಗಿ ಹುಡುಕಿದರೆ, ಧೂಳು ಬಂದದ್ದು ಗಾಳಿಯಲ್ಲಿ. ಅದೇ ಸಂಜೆ ಸೋವಿಯತ್ ಸರ್ಕಾರ ಬಾಯಿ ಬಿಟ್ಟಿತು. ಇನ್ನೊಂದು ನಮ್ಮ ಕೈಗಾದ್ದೇ. 2009ರ ನವೆಂಬರಿನಲ್ಲಿ ಕೆಲಸಗಾರರ ಮೂತ್ರದ ಮಾಮೂಲಿ ಪರೀಕ್ಷೆಯಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡಿತು. ಬೆನ್ನು ಹತ್ತಿ ಹೋದರೆ ಕುಡಿಯುವ ನೀರಿನ ಕೂಲರಿನಲ್ಲಿ ಸ್ಥಾವರದ ಭಾರಜಲ ಬೆರೆತಿತ್ತು. ಯಾರೋ ಬೇಕೆಂದೇ ಬೆರೆಸಿದ್ದು ಎಂದು ಅಧಿಕಾರಿಗಳು ಹೇಳಿದರು. ಟ್ರಿಟಿಯಂಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಪರೀಕ್ಷೆ ಇರದಿದ್ದರೆ ಆ ಕೂಲರಿನ ನೀರು ಇನ್ನೆಷ್ಟು ದಿನ ಯಾರ ಹೊಟ್ಟೆಗೆ ಹೋಗುತ್ತಿತ್ತೋ.

ಪಾಸೋ ಫೇಲೋ?

ನಮ್ಮ ಉತ್ತರ ಬಂತು. ಮಣ್ಣಿನಲ್ಲಿ ಭಯಪಡುವಂಥದ್ದೇನೂ ಇರಲಿಲ್ಲ. ಮನೆಯ ಬೋರ್‌ವೆಲ್ ನೀರು 30ರ ಒಳಗಿತ್ತು. ತೋಟದ ಬೋರ್‌ವೆಲ್ ಇನ್ನೂ ಆಳದ್ದು. ಅದರ ನೀರು 30 ದಾಟಿತ್ತು, 60 ದಾಟಿರಲಿಲ್ಲ.

"ಪಾಸಾ ಫೇಲಾ?" ಎಂದು ಕೇಳಿದ ಮೊಮ್ಮಗ. ಉತ್ತರ ಅಡ್ಡಗೋಡೆಯ ಮೇಲಿನ ದೀಪದಂತಿತ್ತು. ಯಾಕೆಂದರೆ ನಮ್ಮ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಿಂದೆ ಹೇಳಿದ ಮಿತಿ 60. ಆ ಮಿತಿಯಲ್ಲಿ ಪಾಸು, ವಿಶ್ವ ಆರೋಗ್ಯ ಸಂಸ್ಥೆಯದರಲ್ಲಿ ಫೇಲು. ಕುಡಿಯುವ ಬಾಯಿ ನಮ್ಮದಾದ್ದರಿಂದ ಕಡಿಮೆಯದನ್ನೇ ಮಿತಿ ಎಂದು ಹಿಡಿದೆವು.

ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುವ ಸಂಗತಿಯೊಂದಿದೆ. 30 ಮೈಕ್ರೋಗ್ರಾಂ ಯುರೇನಿಯಂ ಇರುವ ಒಂದು ಲೀಟರ್ ನೀರಿನಲ್ಲಿ ಸೆಕೆಂಡಿಗೆ ಒಂದು ಪರಮಾಣು ಕೂಡ ಒಡೆಯುವುದಿಲ್ಲ. ನಮ್ಮ ಮೈಯಲ್ಲೇ 4,000 ಒಡೆಯುತ್ತಿರುವಾಗ ಅದು ದೊಡ್ಡ ಲೆಕ್ಕವಲ್ಲ. ನೀರಿನ ಯುರೇನಿಯಂ ಬಗ್ಗೆ ಮುಖ್ಯ ಚಿಂತೆ ಸೀಸದಂತೆ ಅದೂ ಒಂದು ಭಾರ ಲೋಹ ಎಂಬುದು. ವರ್ಷಾನುಗಟ್ಟಲೆ ಕುಡಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಲೋಹ ಉಳಿಯುತ್ತದೆ, ಇನ್ನಷ್ಟು ಗಟ್ಟಿಯಾಗುತ್ತದೆ. ಆರ್‌ಓ ಯಂತ್ರ ಬಹುಪಾಲು ತೆಗೆಯುತ್ತದೆ.

ಆದ್ದರಿಂದ ಈಗ ತೋಟಕ್ಕೆ ಹೋಗುವಾಗ ಸ್ಕೂಟರಿನ ಮುಂದೆ ಇಪ್ಪತ್ತು ಲೀಟರಿನ ಕ್ಯಾನು ಇರುತ್ತದೆ, ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು. ಪೈಪಿನ ಹತ್ತಿರ "ಕುಡಿಯಬೇಡಿ" ಎಂದು ಬಣ್ಣದಲ್ಲಿ ಬರೆಸಿದ್ದೇನೆ. ಬರೆಸಿದ ದಿನ, ನಮ್ಮ ತೋಟಕ್ಕೆ ಬಹಳ ವರ್ಷಗಳಿಂದ ಬರುವ ಹೆಣ್ಣುಮಗಳೊಬ್ಬಳು ಅಡಿಕೆ ಆಯುವುದನ್ನು ಬಿಟ್ಟು ಎದ್ದು ಬಂದು ಕೇಳಿದಳು, "ಯಜಮಾನ್ರೇ, ಇಷ್ಟು ದಿನ ಕುಡಿದಿದ್ದು?"

ನಾನು ಏನು ಹೇಳಲಿ? ಲೆಕ್ಕ ಬರೆಯುವವನಿಗೆ ಹಳೆಯ ಪುಟ ತಿದ್ದುವ ಅಧಿಕಾರವಿಲ್ಲ. "ಗೊತ್ತಿರಲಿಲ್ಲಮ್ಮ. ಮೊದಲೇ ನೋಡಿಸಬೇಕಾಗಿತ್ತು, ತಪ್ಪು ನನ್ನದು. ಒಂದು ಸಲ ಆಸ್ಪತ್ರೆಯಲ್ಲಿ ಕಿಡ್ನಿ ಪರೀಕ್ಷೆ ಮಾಡಿಸೋಣ, ಖರ್ಚು ನನ್ನದು" ಎಂದೆ. ಅವಳದೂ ಉಳಿದವರದೂ ಮಾಡಿಸಿದೆ. ದೇವರ ದಯೆ, ಎಲ್ಲರದೂ ಸರಿ ಇತ್ತು.

ನಮ್ಮ ಬೋರ್‌ವೆಲ್ಲಿನ ನಿಖರ ಅಂಕಿಯನ್ನು ಇಲ್ಲಿ ಬರೆದಿಲ್ಲ. ಅದು ನಮ್ಮ ಖಾತೆ, ನಿಮ್ಮದಲ್ಲ. ಒಂದೇ ಊರಿನ, ಒಬ್ಬನೇ ಯಜಮಾನನ ಎರಡು ಬೋರ್‌ವೆಲ್ಲಿಗೆ ಎರಡು ಲೆಕ್ಕ ಬಂತಲ್ಲ! ಪಕ್ಕದ ಮನೆಯ ಅಂಕಿ ನೋಡಿ ಹೆದರುವುದೂ ತಪ್ಪು, ಸಮಾಧಾನಪಡುವುದೂ ತಪ್ಪು. ನೀರನ್ನು ಪರೀಕ್ಷೆಗೆ ಕೊಡುವಾಗ ಅದರಲ್ಲಿ ಯುರೇನಿಯಂ ಸೇರಿದೆಯೇ ಎಂದು ಕೇಳಿ ಕೊಡಿ. ಫ್ಲೋರೈಡ್ ನೋಡಿದರೆಂದರೆ ಅದನ್ನೂ ನೋಡಿದರು ಎಂದುಕೊಳ್ಳಬೇಡಿ. ಬಾಟಲಿಯ ಮೇಲೆ ಚೀಟಿ ಅಂಟಿಸುವುದನ್ನು ಮರೆಯಬೇಡಿ.

ಮಳೆಗಾಲ ಮುಗಿದ ಮೇಲೆ, ದಸರಾ ರಜೆಗೆ ಬಂದ ಮೊಮ್ಮಗ ಎರಡನೇ ಸಲದ ನೀರು ಹಿಡಿದ. ಮಳೆ ಬಂದು ನೀರು ಏರಿದರೆ ಅಂಕಿ ಬದಲಾಗಬಹುದು, ಒಂದೇ ಸಲದ್ದು ಸಾಲದು ಎಂದು ಅವನ ಅಕ್ಕ ಹೇಳಿದ್ದಳು. ಬೀರುವಿನಲ್ಲಿದ್ದ ಹಳೆಯ ಉದ್ದದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಟ್ಟಿದ್ದೇನೆ. ತಾರೀಖು, ಜಾಗ, ಅಂಕಿ, ಸಹಿ. ಮೊದಲ ಸಾಲು ನನ್ನ ಕೈಬರಹ. ಎರಡನೆಯದು ಅವನದು. ಈ ಸಲ ಸ್ಟೇಷನ್ನಿನಿಂದ ಮನೆಗೆ ಬಂದವನು ತನ್ನ ಬಾಟಲಿಯನ್ನು ಪಕ್ಕಕ್ಕಿಟ್ಟು, ಅಡುಗೆಮನೆಗೆ ಹೋಗಿ, ಅಜ್ಜಿಯ ಬಿಂದಿಗೆಯಿಂದಲೇ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದ.